ಬರೆದ ಹೂವು, ಹೊಲಿದ ಹೂವು

ಒಂದು ಬಟ್ಟೆಯ ಹೂವನ್ನು ಕತ್ತರಿಸಿ ಇನ್ನೊಂದು ಬಟ್ಟೆಗೆ ಹೊಲಿದು ಗೋಡೆಗೆ ತೂಗುಹಾಕುವುದು ಇಂದು ಬಿಡುವಿನ ವೇಳೆಯ ಹವ್ಯಾಸ. ಆದರೆ ಈ ಕಲೆಯ ಹಿಂದೆ ಕೋರಮಂಡಲ ತೀರದ ಚಿತ್ರಗಾರರ ಬೆವರೂ ಯುರೋಪಿನ ಕಾನೂನುಗಳ ಕತೆಯೂ ಇವೆ.

17 ಮತ್ತು 18ನೇ ಶತಮಾನಗಳಲ್ಲಿ ಮಚಲೀಪಟ್ಟಣದಂಥ ಬಂದರುಗಳಿಂದ ಹೂಬಳ್ಳಿಗಳ ಚೀಟಿ ಬಟ್ಟೆಗಳು ಹಡಗೇರುತ್ತಿದ್ದವು. ಅವುಗಳಲ್ಲಿ ಹೆಸರಾದದ್ದು 'ಪಾಲಂಪೋರ್'. ಮಂಚದ ಹೊದಿಕೆ ಎಂಬ ಅರ್ಥದ 'ಪಲಂಗ್‌ಪೋಷ್' ಇದರ ಮೂಲ. ನಡುವೆ ಹೂ ತುಂಬಿದ ಒಂದು ಮರ, ಸುತ್ತ ಬಳ್ಳಿಯ ಅಂಚು. ಮಂಚಕ್ಕೂ ಅದೇ, ಗೋಡೆಗೂ ಅದೇ.

ಇದರ ತಯಾರಿಕೆ ತಾಳ್ಮೆಯ ಕೆಲಸ. ಹತ್ತಿ ಬಟ್ಟೆಯನ್ನು ಮೊದಲು ಅಳಲೆಕಾಯಿ ಮತ್ತು ಎಮ್ಮೆಯ ಹಾಲಿನಲ್ಲಿ ನೆನೆಸಬೇಕು. ತುದಿಗೆ ಬಟ್ಟೆ ಸುತ್ತಿದ ಬಿದಿರಿನ ಲೇಖನಿಯಿಂದ ಗೆರೆ ಎಳೆಯಬೇಕು. ಕಪ್ಪಿಗೆ ತುಕ್ಕು ಕಬ್ಬಿಣ, ಬೆಲ್ಲ ಸೇರಿಸಿ ಹುಳಿ ಬರಿಸಿದ ನೀರು. ಕೆಂಪಿಗೆ ಪಟಿಕದ ನೀರು ಬಳಿದು, ಚಾಯ ಬೇರಿನೊಡನೆ ಕುದಿಸುವುದು. ನೀಲಿ ಬೇಡದ ಕಡೆಗೆಲ್ಲ ಮೇಣ ಮೆತ್ತಿ, ನೀಲಿಯ ತೊಟ್ಟಿಯಲ್ಲಿ ಅದ್ದುವುದು. ನೀಲಿಯ ಮೇಲೆ ಹಳದಿ ಬಳಿದರೆ ಹಸಿರು. ಹಳದಿ ಬೇಗ ಮಾಸುವುದರಿಂದಲೇ ಹಳೆಯ ಪಾಲಂಪೋರ್‌ಗಳ ಎಲೆಗಳು ಇಂದು ನೀಲಿಯಾಗಿ ಕಾಣುತ್ತವೆ.

ಒಗೆದರೂ ಹೋಗದ ಈ ಬಣ್ಣಕ್ಕೆ ಯುರೋಪು ಮರುಳಾಯಿತು. ಅಲ್ಲಿನ ನೇಕಾರರು ಕಂಗಾಲಾದರು. ಫ್ರಾನ್ಸ್ 1686ರಿಂದ 1759ರವರೆಗೆ ಇದನ್ನು ನಿಷೇಧಿಸಿತು. 1719ರಲ್ಲಿ ಲಂಡನ್ನಿನ ನೇಕಾರರು ಬೀದಿಯಲ್ಲೇ ಹೆಂಗಸರ ಮೈಮೇಲಿನ ಹೂಬಟ್ಟೆಗಳನ್ನು ಹರಿದರು. 1721ರಲ್ಲಿ ಅಲ್ಲೂ ಕಾಯ್ದೆ ಬಂತು. ನಟ ಡೇವಿಡ್ ಗ್ಯಾರಿಕ್‌ನ ಪತ್ನಿಗೆ ಕಲ್ಕತ್ತೆಯ ವರ್ತಕರು ಕಳಿಸಿದ್ದ ಮಂಚದ ಪರದೆಗಳನ್ನು 1775ರಲ್ಲಿ ಸುಂಕದವರು ವಶಪಡಿಸಿಕೊಂಡರು. ಈಗ ಅವು ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿವೆ.

ಸಿಗುವುದೇ ದುರ್ಲಭವಾದಾಗ ತುಂಡೂ ಅಮೂಲ್ಯವಲ್ಲವೆ? ಇಂಗ್ಲೆಂಡ್, ಅಮೆರಿಕದ ಹೆಂಗಸರು ಒಂದೊಂದು ಹೂವನ್ನೂ ಹಕ್ಕಿಯನ್ನೂ ಅಂಚು ಹಿಡಿದು ಕತ್ತರಿಸಿದರು. ಅವನ್ನು ಬಿಳಿಯ ಬಟ್ಟೆಯ ಮೇಲೆ ಬಿಡಿಬಿಡಿಯಾಗಿ ಹರಡಿ, ಅಂಚು ಮಡಿಸಿಯೋ ಕಾಜದ ಹೊಲಿಗೆ ಹಾಕಿಯೋ ಕೂರಿಸಿದರು. ಹೀಗೆ ಗೇಣುದ್ದದ ಚೀಟಿ ಬಟ್ಟೆ ಇಡೀ ಕೌದಿಯನ್ನು ತುಂಬುತ್ತಿತ್ತು. ಇದಕ್ಕೆ ಆಮೇಲೆ ಬಂದ ಹೆಸರು 'ಬ್ರೋಡ್ರಿ ಪರ್ಸ್', ಅಂದರೆ ಪರ್ಷಿಯದ ಕಸೂತಿ. ಪರ್ಷಿಯಕ್ಕೆ ಕೀರ್ತಿ ಹೋಯಿತು; ಹೂ ಬರೆದವರ ಹೆಸರು ಎಲ್ಲೂ ಉಳಿಯಲಿಲ್ಲ.

ಅವರ ಗುಟ್ಟೂ ಉಳಿಯಲಿಲ್ಲ. ಫ್ರೆಂಚ್ ಪಾದ್ರಿ ಕೂರ್ದೂ 1742ರಲ್ಲೇ ಈ ವಿಧಾನವನ್ನು ಪತ್ರದಲ್ಲಿ ವಿವರಿಸಿ ಊರಿಗೆ ಕಳಿಸಿದ್ದ. ಮುಂದೆ ಯುರೋಪಿನ ಯಂತ್ರಗಳೇ ಹೂ ಮುದ್ರಿಸತೊಡಗಿದಾಗ ಕೋರಮಂಡಲದ ಲೇಖನಿಗಳು ಒಣಗಿದವು. ಶ್ರೀಕಾಳಹಸ್ತಿಯಲ್ಲಿ ಕಲಂಕಾರಿ ಮತ್ತೆ ಚಿಗುರಲು ಸ್ವಾತಂತ್ರ್ಯಾನಂತರ ಆಸರೆಯಾದವರು ಮಂಗಳೂರಿನ ಮಗಳು ಕಮಲಾದೇವಿ ಚಟ್ಟೋಪಾಧ್ಯಾಯ.

ಇಂದು ಕಲಂಕಾರಿಯ ಹೆಸರಿನಲ್ಲಿ ಸ್ಕ್ರೀನ್ ಮುದ್ರಣದ ಅಗ್ಗದ ಬಟ್ಟೆ ಎಲ್ಲೆಡೆ ಸಿಗುತ್ತದೆ. ಕೊಳ್ಳುವವರು ಎರಡು ಹೂಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಸಾಕು. ಅಚ್ಚಿನ ಹೂಗಳು ಒಂದೇ ಸಮ. ಕೈ ಬರೆದ ಹೂವು ಮತ್ತೊಂದರಂತೆ ಇರುವುದಿಲ್ಲ.