ದೀರ್ಘಕಾಲಿಕ ಜೀರ್ಣಾಂಗ ಕಾಯಿಲೆಗಳು ಮತ್ತು ಆಹಾರ ಸುರಕ್ಷತೆ: ಬೆಂಗಳೂರು ದಂಡು ಹಾಗೂ ಪೂರ್ವ ಭಾಗ

ತಿಂಗಳುಗಟ್ಟಲೆ ಅಥವಾ ವರ್ಷಗಟ್ಟಲೆ ಮುಂದುವರಿಯುವ, ಆಗಾಗ ಶಮನಗೊಂಡು ಮತ್ತೆ ಮರುಕಳಿಸುವ ಅನ್ನನಾಳ, ಜಠರ, ಕರುಳು ಮತ್ತು ಯಕೃತ್ತಿನ ತೊಂದರೆಗಳನ್ನು ದೀರ್ಘಕಾಲಿಕ ಜೀರ್ಣಾಂಗ ಕಾಯಿಲೆಗಳು ಎನ್ನಲಾಗುತ್ತದೆ. ರೋಗಾಣು, ಪರೋಪಜೀವಿ ಅಥವಾ ವಿಷವಸ್ತು ಸೇರಿದ ಆಹಾರ ಹಾಗೂ ನೀರಿನಿಂದ ಬರುವ ಕಾಯಿಲೆಗಳು ಆಹಾರಜನ್ಯ ಕಾಯಿಲೆಗಳು. ಇವೆರಡರ ಲಕ್ಷಣಗಳು ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಮೊದಲೇ ಜೀರ್ಣಾಂಗದ ಕಾಯಿಲೆ ಇರುವವರು ಹೊಸ ಸೋಂಕನ್ನು ಹಳೆಯ ತೊಂದರೆಯೆಂದು ಭಾವಿಸಿ ಚಿಕಿತ್ಸೆಯನ್ನು ತಡಮಾಡುವ ಸಂಭವವಿದೆ. ಬೆಂಗಳೂರಿನ ಶಿವಾಜಿನಗರ, ಹಲಸೂರು, ಇಂದಿರಾನಗರ ಮತ್ತು ಕೆ.ಆರ್. ಪುರಗಳಂತಹ ಬಡಾವಣೆಗಳಲ್ಲಿ ಹೊರಗಿನ ಊಟ, ಹಳೆಯ ಕೊಳಾಯಿ ಜಾಲ ಹಾಗೂ ಟ್ಯಾಂಕರ್ ನೀರಿನ ಬಳಕೆಯಿಂದಾಗಿ ಈ ವಿಷಯಕ್ಕೆ ವಿಶೇಷ ಮಹತ್ವವಿದೆ.

ಪ್ರಮುಖ ದೀರ್ಘಕಾಲಿಕ ಕಾಯಿಲೆಗಳು

ಬೆಂಗಳೂರಿನ ಆಡುಮಾತಿನಲ್ಲಿ ಹೊಟ್ಟೆಯ ಬಹುತೇಕ ತೊಂದರೆಗಳಿಗೆ ‘ಗ್ಯಾಸ್ಟ್ರಿಕ್’ ಎಂಬ ಒಂದೇ ಹೆಸರಿದೆ. ವೈದ್ಯಶಾಸ್ತ್ರವು ಇದರೊಳಗೆ ಹಲವು ಬೇರೆ ಬೇರೆ ಕಾಯಿಲೆಗಳನ್ನು ಗುರುತಿಸುತ್ತದೆ.

* ಆಮ್ಲ ಹಿಮ್ಮುಖ ಹರಿವು: ಜಠರದ ಆಮ್ಲವು ಅನ್ನನಾಳಕ್ಕೆ ಮರಳಿ ಬಂದು ಎದೆಯುರಿ, ಹುಳಿತೇಗು ಉಂಟಾಗುತ್ತವೆ.
* ಜಠರದ ಹುಣ್ಣು ಮತ್ತು ಉರಿಯೂತ: ಹೆಲಿಕೋಬ್ಯಾಕ್ಟರ್ ಪೈಲೊರಿ ಎಂಬ ಬ್ಯಾಕ್ಟೀರಿಯ ಹಾಗೂ ನೋವುನಿವಾರಕ ಮಾತ್ರೆಗಳ ಅತಿಬಳಕೆ ಇದಕ್ಕೆ ಮುಖ್ಯ ಕಾರಣಗಳು.
* ಐಬಿಎಸ್ ಅಥವಾ ಕೆರಳುವ ಕರುಳಿನ ತೊಂದರೆ: ಕರುಳಿನ ರಚನೆಯಲ್ಲಿ ಹಾನಿ ಕಾಣದಿದ್ದರೂ ಹೊಟ್ಟೆನೋವು, ಉಬ್ಬರ, ಭೇದಿ ಅಥವಾ ಮಲಬದ್ಧತೆ ಮರುಕಳಿಸುತ್ತಿರುತ್ತವೆ.
* ಕರುಳಿನ ಉರಿಯೂತದ ಕಾಯಿಲೆಗಳು: ಅಲ್ಸರೇಟಿವ್ ಕೊಲೈಟಿಸ್ ಮತ್ತು ಕ್ರೋನ್ಸ್ ಕಾಯಿಲೆ ಈ ಗುಂಪಿಗೆ ಸೇರುತ್ತವೆ. ಭಾರತದಲ್ಲಿ ಕರುಳಿನ ಕ್ಷಯವು ಕ್ರೋನ್ಸ್ ಕಾಯಿಲೆಯನ್ನೇ ಹೋಲುವುದರಿಂದ ಇವೆರಡನ್ನು ಬೇರ್ಪಡಿಸಿ ಗುರುತಿಸುವುದು ಅಗತ್ಯ.
* ಸೀಲಿಯಾಕ್ ಕಾಯಿಲೆ: ಗೋಧಿ ಮತ್ತು ಬಾರ್ಲಿಯಲ್ಲಿರುವ ಗ್ಲುಟೆನ್‌ನಿಂದ ಸಣ್ಣಕರುಳಿಗೆ ಹಾನಿಯಾಗುತ್ತದೆ.
* ಲ್ಯಾಕ್ಟೋಸ್ ಅಸಹಿಷ್ಣುತೆ: ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಕಿಣ್ವ ಕಡಿಮೆಯಾಗಿರುತ್ತದೆ.
* ಯಕೃತ್ತಿನ ದೀರ್ಘಕಾಲಿಕ ಕಾಯಿಲೆಗಳು.

ಒಗ್ಗದ ಆಹಾರ ಮತ್ತು ಅಸುರಕ್ಷಿತ ಆಹಾರ

ಜೀರ್ಣಾಂಗದ ಕಾಯಿಲೆ ಇರುವವರು ಒಗ್ಗದ ಆಹಾರವನ್ನೂ ಅಸುರಕ್ಷಿತ ಆಹಾರವನ್ನೂ ಪ್ರತ್ಯೇಕವಾಗಿ ಪರಿಗಣಿಸಬೇಕಾಗುತ್ತದೆ. ಒಲೆಯಿಂದ ಇಳಿಸಿದ ಕೂಡಲೇ ಬಡಿಸಿದ ಖಾರದ ಕಬಾಬ್ ರೋಗಾಣುಗಳ ದೃಷ್ಟಿಯಿಂದ ಸುರಕ್ಷಿತವಾಗಿದ್ದರೂ ಎದೆಯುರಿ ಇರುವವರಿಗೆ ಒಗ್ಗದಿರಬಹುದು. ಮೊಸರನ್ನವು ಅನೇಕರ ಹೊಟ್ಟೆಗೆ ಹಿತಕರವಾದರೂ, ಬೇಸಿಗೆಯ ಮಧ್ಯಾಹ್ನ ಗಂಟೆಗಟ್ಟಲೆ ಹೊರಗಿಟ್ಟ ಅನ್ನದಿಂದ ಮಾಡಿದ್ದರೆ ಅಸುರಕ್ಷಿತವಾಗುತ್ತದೆ. ‘ಸಪ್ಪೆ ಊಟ ಮಾಡಿದರೆ ಏನೂ ಆಗದು’ ಎಂಬ ನಂಬಿಕೆ ಆದ್ದರಿಂದ ಸರಿಯಲ್ಲ.

ಒಗ್ಗದ ಆಹಾರ ವ್ಯಕ್ತಿಯಿಂದ ವ್ಯಕ್ತಿಗೆ ಬೇರೆಯಾಗುತ್ತದೆ. ಐಬಿಎಸ್ ಇರುವ ಕೆಲವರಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು ಹಾಗೂ ಕೆಲವು ಕಾಳುಗಳು ಉಬ್ಬರವನ್ನು ಹೆಚ್ಚಿಸುತ್ತವೆ. ಇವುಗಳನ್ನು ಕೆಲವು ವಾರ ಕೈಬಿಟ್ಟು, ಬಳಿಕ ಒಂದೊಂದಾಗಿ ಮರಳಿ ಸೇರಿಸಿ ಪರೀಕ್ಷಿಸುವ ಫಾಡ್‌ಮ್ಯಾಪ್ ಪದ್ಧತಿಯನ್ನು ಆಸ್ಟ್ರೇಲಿಯದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ರೂಪಿಸಿದರು. ಪೋಷಕಾಂಶಗಳ ಕೊರತೆ ಉಂಟಾಗದಂತೆ ಇದನ್ನು ಆಹಾರ ತಜ್ಞರ ಮಾರ್ಗದರ್ಶನದಲ್ಲಿಯೇ ಅನುಸರಿಸಬೇಕು.

ಸೀಲಿಯಾಕ್ ಇರುವವರಿಗೆ ಅಕ್ಕಿ, ರಾಗಿ ಮತ್ತು ಜೋಳ ಸಹಜವಾಗಿ ಗ್ಲುಟೆನ್‌ರಹಿತ ಧಾನ್ಯಗಳು. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ರಾಗಿಯನ್ನು ಬೀಸಿದರೆ ಗೋಧಿಹಿಟ್ಟು ಬೆರೆಯುತ್ತದೆ. ರವೆ ಇಡ್ಲಿ ಮತ್ತು ಉಪ್ಪಿಟ್ಟು ಗೋಧಿಯ ತಿನಿಸುಗಳು. ಸಾರು, ಸಾಂಬಾರಿಗೆ ಹಾಕುವ ಅಂಗಡಿ ಇಂಗಿನಲ್ಲಿಯೂ ಸಾಮಾನ್ಯವಾಗಿ ಗೋಧಿಹಿಟ್ಟು ಇರುತ್ತದೆ.

ಪರಸ್ಪರ ಪ್ರಭಾವ

ಜಠರದ ಆಮ್ಲವು ಆಹಾರದೊಂದಿಗೆ ಒಳಹೋಗುವ ಬಹಳಷ್ಟು ರೋಗಾಣುಗಳನ್ನು ಕೊಲ್ಲುತ್ತದೆ. ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್ ಮುಂತಾದ ಆಮ್ಲ ತಗ್ಗಿಸುವ ಮಾತ್ರೆಗಳನ್ನು ದೀರ್ಘಕಾಲ ಸೇವಿಸುವವರಲ್ಲಿ ಈ ರಕ್ಷಣೆ ಕುಗ್ಗಿ, ಸಾಲ್ಮೊನೆಲ್ಲ ಮತ್ತು ಕ್ಯಾಂಪಿಲೊಬ್ಯಾಕ್ಟರ್ ಸೋಂಕುಗಳ ಅಪಾಯ ಹೆಚ್ಚುತ್ತದೆ. ವೈದ್ಯರ ಸಲಹೆಯಿಲ್ಲದೆ ಈ ಮಾತ್ರೆಗಳನ್ನು ವರ್ಷಗಟ್ಟಲೆ ಮುಂದುವರಿಸುವುದು ಸೂಕ್ತವಲ್ಲ.

ಕರುಳಿನ ಉರಿಯೂತಕ್ಕೆ ಸ್ಟೀರಾಯ್ಡ್, ಅಜಥಿಯೊಪ್ರಿನ್ ಅಥವಾ ಜೈವಿಕ ಔಷಧಗಳನ್ನು ಪಡೆಯುವವರಲ್ಲಿ ರೋಗನಿರೋಧಕ ಶಕ್ತಿ ತಗ್ಗಿರುತ್ತದೆ. ಇತರರಲ್ಲಿ ಎರಡು ದಿನಗಳಲ್ಲಿ ವಾಸಿಯಾಗುವ ಸೋಂಕು ಇವರಲ್ಲಿ ತೀವ್ರವಾಗಬಹುದು. ಯಕೃತ್ತಿನ ಕಾಯಿಲೆ ಇರುವವರಿಗೆ ಕಲುಷಿತ ನೀರು ಮತ್ತು ಆಹಾರದಿಂದ ಹರಡುವ ಹೆಪಟೈಟಿಸ್ ಎ ಹಾಗೂ ಇ ಪ್ರಾಣಾಪಾಯವನ್ನೂ ತರಬಲ್ಲವು.

ಸೋಂಕು ಸಹ ದೀರ್ಘಕಾಲಿಕ ಕಾಯಿಲೆಗೆ ಕಾರಣವಾಗಬಹುದು. ತೀವ್ರ ಕರುಳುಬೇನೆಯಿಂದ ಚೇತರಿಸಿಕೊಂಡವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಬಳಿಕ ಐಬಿಎಸ್ ಕಾಣಿಸಿಕೊಳ್ಳುತ್ತದೆ. ಕೆನಡಾದ ವಾಕರ್ಟನ್ ಪಟ್ಟಣದಲ್ಲಿ 2000ನೇ ಇಸವಿಯಲ್ಲಿ ಕುಡಿಯುವ ನೀರು ಕಲುಷಿತಗೊಂಡಾಗ ಕಾಯಿಲೆ ಬಿದ್ದವರನ್ನು ವರ್ಷಗಳ ಕಾಲ ಗಮನಿಸಿದ ಅಧ್ಯಯನಗಳು ಈ ಸಂಬಂಧವನ್ನು ದೃಢಪಡಿಸಿದವು.

ಪ್ರದೇಶದ ಹಿನ್ನೆಲೆ

ಬೆಂಗಳೂರಿನ ದಂಡು ಪ್ರದೇಶವು 1809ರಲ್ಲಿ ಬ್ರಿಟಿಷ್ ಸೇನಾ ನೆಲೆಯಾಗಿ ಆರಂಭವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿನ ಜನರು ಹಲಸೂರು ಕೆರೆಯಂತಹ ಕೆರೆಗಳನ್ನೂ ಬಾವಿಗಳನ್ನೂ ಅವಲಂಬಿಸಿದ್ದರು. ನೀರಿನ ಅಗತ್ಯವನ್ನು ಪೂರೈಸಲು 1882ರಲ್ಲಿ ಸ್ಯಾಂಕಿ ಕೆರೆ ನಿರ್ಮಾಣವಾಯಿತು. ಕಾಲರಾ ಇಲ್ಲಿ ಮರುಕಳಿಸುತ್ತಿದ್ದ ಪಿಡುಗಾಗಿತ್ತು. ಮಲೇರಿಯ ಸಂಶೋಧನೆಗಾಗಿ 1902ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ರೊನಾಲ್ಡ್ ರಾಸ್ ಅವರನ್ನು 1895ರ ಸೆಪ್ಟೆಂಬರಿನಲ್ಲಿ ಕಾಲರಾ ನಿಯಂತ್ರಣದ ಕೆಲಸಕ್ಕಾಗಿ ಬೆಂಗಳೂರಿಗೆ ಕಳುಹಿಸಲಾಗಿತ್ತು. ಇದರಿಂದ ಅವರ ಮಲೇರಿಯ ಸಂಶೋಧನೆಗೆ ತಾತ್ಕಾಲಿಕವಾಗಿ ತಡೆಯುಂಟಾಯಿತು.

ಅರ್ಕಾವತಿ ನದಿಯ ಹೆಸರಘಟ್ಟ ಕೆರೆಯಿಂದ ಕೊಳಾಯಿ ನೀರಿನ ಯೋಜನೆ 1890ರ ದಶಕದಲ್ಲಿ ಜಾರಿಗೆ ಬಂದಿತು. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯವೂ 1974ರಲ್ಲಿ ಕಾವೇರಿ ಯೋಜನೆಯ ಮೊದಲ ಹಂತವೂ ಸೇರಿಕೊಂಡವು. ನಗರದ ಹೊರವಲಯದ 110 ಹಳ್ಳಿಗಳಿಗೆ ನೀರೊದಗಿಸುವ ಐದನೆಯ ಹಂತವು 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಅದೇ ವರ್ಷದ ಬೇಸಿಗೆಯಲ್ಲಿ ಕೆ.ಆರ್. ಪುರ ಮತ್ತು ಮಹದೇವಪುರದ ಕಡೆಯ ಅನೇಕ ಬಡಾವಣೆಗಳು ಕೊಳವೆಬಾವಿ ಬತ್ತಿ ಟ್ಯಾಂಕರ್ ನೀರನ್ನು ಆಶ್ರಯಿಸಬೇಕಾಯಿತು. 2024ರ ಏಪ್ರಿಲ್‌ನಲ್ಲಿ ನಗರದ ವೈದ್ಯಕೀಯ ವಿದ್ಯಾರ್ಥಿನಿಯರ ನಿಲಯವೊಂದರ 47 ಮಂದಿ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದ ಪ್ರಕರಣವು, ಇಂತಹ ಕಾಯಿಲೆಗಳು ಇಂದಿಗೂ ನಗರದಲ್ಲಿ ಉಳಿದಿವೆ ಎಂಬುದನ್ನು ತೋರಿಸಿತು.

ನೀರಿನ ಸುರಕ್ಷತೆ

ದಿನ ಬಿಟ್ಟು ದಿನ ನೀರು ಬಿಡುವ ವ್ಯವಸ್ಥೆಯಲ್ಲಿ ಕೊಳವೆಗಳು ಬಹುಕಾಲ ಖಾಲಿಯಿರುತ್ತವೆ. ಆಗ ಒತ್ತಡ ತಗ್ಗಿ, ಪಕ್ಕದ ಒಳಚರಂಡಿ ಸೋರುತ್ತಿದ್ದರೆ ಆ ನೀರು ಬಿರುಕುಗಳ ಮೂಲಕ ಕುಡಿಯುವ ನೀರಿನ ಕೊಳವೆಯೊಳಗೆ ಸೇರಬಹುದು. ಕಾವೇರಿ ನೀರು ಶುದ್ಧೀಕರಣ ಘಟಕದಿಂದ ಶುದ್ಧವಾಗಿಯೇ ಹೊರಟಿದ್ದರೂ ಮನೆಯ ಸಂಪು ಅಥವಾ ಮೇಲಿನ ಟ್ಯಾಂಕಿನಲ್ಲಿ ಕಲುಷಿತಗೊಳ್ಳುವುದುಂಟು.

* ನೀರು ಬಿಟ್ಟಾಗ ಮೊದಲು ಬರುವ ನೀರನ್ನು ಕುಡಿಯಲು ಹಿಡಿಯಬಾರದು. ಬಣ್ಣ ಅಥವಾ ವಾಸನೆ ಬದಲಾಗಿದ್ದರೆ ಬಳಕೆ ನಿಲ್ಲಿಸಿ ಜಲಮಂಡಳಿಯ 1916 ಸಂಖ್ಯೆಗೆ ತಿಳಿಸಬೇಕು.
* ನೀರು ಕೊತಕೊತ ಕುದಿಯತೊಡಗಿದ ಮೇಲೆ ಕನಿಷ್ಠ ಒಂದು ನಿಮಿಷ ಕುದಿಸಿದರೆ ಕರುಳಿನ ಸೋಂಕು ತರುವ ರೋಗಾಣುಗಳು ಸಾಯುತ್ತವೆ. ಕ್ಲೋರಿನ್‌ಗೆ ಬಗ್ಗದ ಕ್ರಿಪ್ಟೊಸ್ಪೊರಿಡಿಯಮ್ ಎಂಬ ಪರೋಪಜೀವಿಯೂ ಕುದಿಸುವುದರಿಂದ ನಾಶವಾಗುತ್ತದೆ.
* ಕುದಿಸಿದ ನೀರನ್ನು ಮುಚ್ಚಳವಿರುವ ಪಾತ್ರೆಯಲ್ಲಿಟ್ಟು, ಕೈ ಅದ್ದದೆ ಹಿಡಿಕೆಯಿರುವ ಸೌಟಿನಿಂದ ತೆಗೆಯಬೇಕು.
* ಸಂಪು ಮತ್ತು ಟ್ಯಾಂಕುಗಳನ್ನು ನಿಯತವಾಗಿ ತೊಳೆಯಿಸಬೇಕು. ಶೋಧಕ ಯಂತ್ರದ ಬಿಡಿಭಾಗಗಳನ್ನು ಸಕಾಲದಲ್ಲಿ ಬದಲಿಸಬೇಕು.

ಅಡುಗೆಮನೆಯಲ್ಲಿ

ವಿಶ್ವ ಆರೋಗ್ಯ ಸಂಸ್ಥೆಯು ಸುರಕ್ಷಿತ ಆಹಾರಕ್ಕಾಗಿ ಐದು ಸೂತ್ರಗಳನ್ನು ಹೇಳಿದೆ: ಸ್ವಚ್ಛತೆ, ಹಸಿ ಮತ್ತು ಬೆಂದ ಆಹಾರವನ್ನು ಬೇರೆಯಾಗಿಡುವುದು, ಪೂರ್ತಿ ಬೇಯಿಸುವುದು, ಸರಿಯಾದ ಉಷ್ಣತೆಯಲ್ಲಿ ಇಡುವುದು, ಶುದ್ಧ ನೀರು ಮತ್ತು ಪದಾರ್ಥಗಳನ್ನು ಬಳಸುವುದು. ಆಹಾರದ ಒಳಭಾಗವು 70 ಡಿಗ್ರಿ ಸೆಲ್ಸಿಯಸ್ ತಲುಪಬೇಕು. 5ರಿಂದ 60 ಡಿಗ್ರಿಗಳ ನಡುವೆ ಬ್ಯಾಕ್ಟೀರಿಯಗಳು ವೇಗವಾಗಿ ಬೆಳೆಯುವುದರಿಂದ ಬೆಂದ ಆಹಾರವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬಾರದು.

ಅನ್ನಕ್ಕೆ ಈ ನಿಯಮ ಮುಖ್ಯವಾಗಿ ಅನ್ವಯಿಸುತ್ತದೆ. ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಾಣುಗಳು ಅನ್ನ ಬೆಂದರೂ ಉಳಿಯುತ್ತವೆ. ಅನ್ನವನ್ನು ರಾತ್ರಿಯೆಲ್ಲ ಹೊರಗಿಟ್ಟಾಗ ಅವು ಬೆಳೆದು ಉತ್ಪತ್ತಿ ಮಾಡುವ, ವಾಂತಿ ತರಿಸುವ ವಿಷವು ಬೆಳಿಗ್ಗೆ ಚಿತ್ರಾನ್ನ ಮಾಡುವಾಗಿನ ಒಗ್ಗರಣೆಯ ಕಾವಿಗೆ ನಾಶವಾಗುವುದಿಲ್ಲ. ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಬೇಗ ಆರಿಸಿ ಫ್ರಿಜ್‌ನಲ್ಲಿಡುವುದು ಸೂಕ್ತ. ಹಸಿ ತೆಂಗಿನಕಾಯಿಯ ಚಟ್ನಿಯನ್ನು ಆಯಾ ಹೊತ್ತಿಗೆ ರುಬ್ಬಿಕೊಳ್ಳಬೇಕು. ಹಸಿ ಮಾಂಸ ಕತ್ತರಿಸಿದ ಮಣೆ ಮತ್ತು ಚಾಕುವನ್ನು ಸೋಪಿನಿಂದ ತೊಳೆಯದೆ ಸೌತೆಕಾಯಿ ಅಥವಾ ಈರುಳ್ಳಿ ಹೆಚ್ಚಬಾರದು.

ಹೊರಗಿನ ಊಟ

ಶಿವಾಜಿನಗರದ ರಸೆಲ್ ಮಾರುಕಟ್ಟೆಯ ಸುತ್ತಮುತ್ತ ಹಾಗೂ ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ರಂಜಾನ್ ಸಂಜೆಗಳ ತಿನಿಸು, ಸೆಪ್ಟೆಂಬರ್ 8ರ ಸಂತ ಮೇರಿ ಬೆಸಿಲಿಕದ ಹಬ್ಬ, ಹಲಸೂರು ಸೋಮೇಶ್ವರ ದೇವಾಲಯದ ಉತ್ಸವ ಇವು ಈ ಭಾಗದ ಸಾಮಾಜಿಕ ಬದುಕಿನ ಅಂಗಗಳಾಗಿವೆ. ಜೀರ್ಣಾಂಗದ ಕಾಯಿಲೆಯ ಕಾರಣಕ್ಕೆ ಇವುಗಳಿಂದ ಸಂಪೂರ್ಣ ದೂರವಿರುವುದು ಅನಿವಾರ್ಯವಲ್ಲ. ಆಯ್ಕೆಯಲ್ಲಿ ವಿವೇಚನೆ ಇದ್ದರೆ ಸಾಕಾಗುತ್ತದೆ.

* ಕಣ್ಣೆದುರು ಬೆಂದು ಹೊಗೆಯಾಡುತ್ತಿರುವ ಇಡ್ಲಿ, ದೋಸೆ, ಕಬಾಬ್‌ಗಳಲ್ಲಿ ಅಪಾಯ ಕಡಿಮೆ.
* ದೊಡ್ಡ ಹಂಡೆಯಲ್ಲಿ ಮಾಡಿ ಉಗುರುಬೆಚ್ಚಗೆ ಇಟ್ಟಿರುವ ಬಿರಿಯಾನಿ, ಹಲೀಮ್ ಮತ್ತು ಸಾಗುಗಳಲ್ಲಿ ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜನ್ಸ್ ಬೆಳೆಯುವ ಸಂಭವವಿದೆ.
* ಪಾನಿಪುರಿಯ ನೀರು, ಕಬ್ಬಿನ ಹಾಲಿಗೆ ಹಾಕುವ ಮಂಜುಗಡ್ಡೆ, ಮೊದಲೇ ಹೆಚ್ಚಿಟ್ಟ ಹಣ್ಣು ಮತ್ತು ಹಸಿ ಕೋಸಂಬರಿಗಳನ್ನು ರೋಗನಿರೋಧಕ ಶಕ್ತಿ ತಗ್ಗಿದವರು ತ್ಯಜಿಸಬೇಕು. ಸಿಪ್ಪೆ ಸುಲಿದು ತಿನ್ನುವ ಬಾಳೆಹಣ್ಣು, ಕಿತ್ತಳೆ ಹಾಗೂ ಎದುರಿಗೇ ಕೊಚ್ಚಿದ ಎಳನೀರು ಉತ್ತಮ ಪರ್ಯಾಯಗಳು.
* ಹಸಿ ಮೊಟ್ಟೆಯ ಮೆಯನೀಸ್ ಮತ್ತು ಅರೆಬೆಂದ ಷವರ್ಮಾ ಅಪಾಯಕಾರಿ. ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ 2022ರ ಮೇ 1ರಂದು ಷವರ್ಮಾ ತಿಂದು ಕಾಯಿಲೆಗೊಂಡಿದ್ದ 16 ವರ್ಷದ ವಿದ್ಯಾರ್ಥಿನಿಯೊಬ್ಬಳು ಮೃತಪಟ್ಟಳು. ತನಿಖೆಯಲ್ಲಿ ಶಿಗೆಲ್ಲ ಬ್ಯಾಕ್ಟೀರಿಯ ಪತ್ತೆಯಾಯಿತು.

ಲಕ್ಷಣಗಳು ಮತ್ತು ಅವಧಿ

ತಿಂದ ಆಹಾರಕ್ಕೂ ಕಾಯಿಲೆಗೂ ನಡುವಿನ ಅವಧಿಯು ಕಾರಣವನ್ನು ಊಹಿಸಲು ನೆರವಾಗುತ್ತದೆ. ಸ್ಟ್ಯಾಫಿಲೊಕಾಕಸ್ ವಿಷದಿಂದ ಸಾಮಾನ್ಯವಾಗಿ 1ರಿಂದ 6 ಗಂಟೆಗಳಲ್ಲಿ ವಾಂತಿ ಆರಂಭವಾಗುತ್ತದೆ. ಸಾಲ್ಮೊನೆಲ್ಲಗೆ 6ರಿಂದ 72 ಗಂಟೆ, ಕಾಲರಾಕ್ಕೆ ಕೆಲವು ಗಂಟೆಗಳಿಂದ 5 ದಿನ, ಹೆಪಟೈಟಿಸ್ ಎಗೆ 15ರಿಂದ 50 ದಿನ ಬೇಕಾಗಬಹುದು. ಹೀಗಾಗಿ ಕೊನೆಯದಾಗಿ ಮಾಡಿದ ಊಟವೇ ಕಾರಣವೆಂದು ಹೇಳಲಾಗದು.

ಜ್ವರ, ಮಲದಲ್ಲಿ ರಕ್ತ, ತೂಕ ಇಳಿಕೆ ಹಾಗೂ ರಕ್ತಹೀನತೆ ಐಬಿಎಸ್‌ನ ಲಕ್ಷಣಗಳಲ್ಲ. ಇವು ಕಾಣಿಸಿಕೊಂಡರೆ ‘ಹಳೆಯ ಗ್ಯಾಸ್ಟ್ರಿಕ್’ ಎಂದು ಸುಮ್ಮನಿರದೆ ತಪಾಸಣೆ ಮಾಡಿಸಬೇಕು. ಉರಿಯೂತದ ಕಾಯಿಲೆ ಇರುವವರಲ್ಲಿ ಭೇದಿ ಹೆಚ್ಚಿದಾಗ, ಅದು ಕಾಯಿಲೆಯ ಉಲ್ಬಣವೋ ಹೊಸ ಸೋಂಕೋ ಎಂಬುದನ್ನು ಮಲಪರೀಕ್ಷೆಯಿಂದ ತಿಳಿಯಲಾಗುತ್ತದೆ. ಇದನ್ನು ತಿಳಿಯದೆ ಸ್ಟೀರಾಯ್ಡ್ ಪ್ರಮಾಣವನ್ನು ತಾವೇ ಹೆಚ್ಚಿಸುವುದಾಗಲಿ, ಹಠಾತ್ತನೆ ನಿಲ್ಲಿಸುವುದಾಗಲಿ ಅಪಾಯಕಾರಿ.

ವಾಂತಿಭೇದಿಯಾದಾಗ

ದೇಹದ ನೀರು ಮತ್ತು ಲವಣಗಳನ್ನು ಮರುಪೂರಣ ಮಾಡುವುದೇ ಮುಖ್ಯ ಚಿಕಿತ್ಸೆ. 1971ರಲ್ಲಿ ಬಾಂಗ್ಲಾದೇಶದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹರಡಿದಾಗ ವೈದ್ಯ ದಿಲೀಪ್ ಮಹಲನಬಿಸ್ ಅವರು ಓಆರ್‌ಎಸ್ ದ್ರಾವಣವನ್ನು ವ್ಯಾಪಕವಾಗಿ ಬಳಸಿ ಸಾವುಗಳನ್ನು ಬಹಳವಾಗಿ ತಗ್ಗಿಸಿದರು. ಪೊಟ್ಟಣದ ಮೇಲೆ ಸೂಚಿಸಿದಷ್ಟೇ ಶುದ್ಧ ನೀರಿನಲ್ಲಿ ಅದನ್ನು ಕರಗಿಸಬೇಕು. ಪೊಟ್ಟಣ ದೊರೆಯದಿದ್ದಲ್ಲಿ ಒಂದು ಲೀಟರ್ ನೀರಿಗೆ ಆರು ಮಟ್ಟಸ ಟೀಚಮಚ ಸಕ್ಕರೆ ಮತ್ತು ಅರ್ಧ ಟೀಚಮಚ ಉಪ್ಪು ಬೆರೆಸಿ ಕುಡಿಯಬಹುದು. ಹೆಚ್ಚು ಸಕ್ಕರೆಯುಳ್ಳ ಪೊಟ್ಟಣದ ಹಣ್ಣಿನ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಲ್ಲ.

ಜ್ವರ ಅಥವಾ ರಕ್ತಭೇದಿ ಇದ್ದಾಗ ಲೊಪೆರಮೈಡ್‌ನಂತಹ ಭೇದಿ ತಡೆಯುವ ಮಾತ್ರೆಗಳನ್ನು ಸೇವಿಸಬಾರದು. ಔಷಧದಂಗಡಿಯಿಂದ ತಾವೇ ಆ್ಯಂಟಿಬಯೋಟಿಕ್ ಕೊಂಡು ನುಂಗುವುದೂ ಸಲ್ಲದು. ಮೂತ್ರ ತೀರಾ ಕಡಿಮೆಯಾಗುವುದು, ಮಂಪರು, ನಿಲ್ಲದ ವಾಂತಿ, ಅಕ್ಕಿಗಂಜಿಯಂತಹ ಭೇದಿ, ಕಣ್ಣು ಹಳದಿಯಾಗುವುದು ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಹೋಗಬೇಕು. ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧ ಪಡೆಯುವವರು, ಗರ್ಭಿಣಿಯರು, ಹಸುಳೆಗಳು ಮತ್ತು ವೃದ್ಧರ ವಿಷಯದಲ್ಲಿ ಈ ಲಕ್ಷಣಗಳಿಗಾಗಿ ಕಾಯದೆ ವೈದ್ಯರನ್ನು ಕಾಣುವುದು ಒಳಿತು.

ಚಿಕಿತ್ಸೆ ಮತ್ತು ದೂರು

ಈ ಭಾಗದಲ್ಲಿ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ, ಇಂದಿರಾನಗರದ ಸರ್ ಸಿ.ವಿ. ರಾಮನ್ ಸಾರ್ವಜನಿಕ ಆಸ್ಪತ್ರೆ ಮತ್ತು ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆಗಳು ಸರ್ಕಾರಿ ಸೇವೆ ನೀಡುತ್ತವೆ. ಹಳೆ ಮದ್ರಾಸ್ ರಸ್ತೆಯಲ್ಲಿ ಸಾಂಕ್ರಾಮಿಕ ರೋಗಗಳ ಆಸ್ಪತ್ರೆಯಿದೆ. ಜೀರ್ಣಾಂಗದ ವಿಶೇಷ ಚಿಕಿತ್ಸೆಗಾಗಿ ವಿಕ್ಟೋರಿಯ ಆಸ್ಪತ್ರೆಯ ಆವರಣದಲ್ಲಿ ಸರ್ಕಾರಿ ಸಂಸ್ಥೆಯಿದೆ. ತುರ್ತು ವಾಹನಕ್ಕೆ 108 ಹಾಗೂ ಆರೋಗ್ಯ ಸಲಹೆಗೆ 104 ಸಂಖ್ಯೆಗಳಿಗೆ ಕರೆ ಮಾಡಬಹುದು.

ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ ಪ್ರಕಾರ ಪ್ರತಿಯೊಂದು ಆಹಾರ ಉದ್ದಿಮೆಯೂ ನೋಂದಣಿ ಅಥವಾ ಪರವಾನಗಿ ಹೊಂದಿರಬೇಕು; ಅದರ 14 ಅಂಕಿಗಳ ಸಂಖ್ಯೆಯನ್ನು ಬಿಲ್ಲಿನಲ್ಲಿ ಅಥವಾ ಅಂಗಡಿಯ ಫಲಕದಲ್ಲಿ ನೋಡಬಹುದು. ಒಂದೇ ಕಡೆ ಉಂಡ ಇಬ್ಬರು ಅಥವಾ ಹೆಚ್ಚು ಜನರಿಗೆ ಒಂದೇ ಬಗೆಯ ಕಾಯಿಲೆ ಕಾಣಿಸಿಕೊಂಡರೆ ಅದನ್ನು ವೈದ್ಯರಿಗೂ ಆರೋಗ್ಯ ಇಲಾಖೆಗೂ ತಿಳಿಸಬೇಕು. ಎಲ್ಲಿ, ಯಾವಾಗ, ಏನು ತಿಂದರು ಎಂಬ ವಿವರ ಮತ್ತು ಬಿಲ್ಲು ಇದ್ದರೆ ತನಿಖೆ ಸುಲಭವಾಗುತ್ತದೆ. ಇಂತಹ ಮಾಹಿತಿ ಬೇಗ ದೊರೆತಾಗ ಕಲುಷಿತ ಕೊಳವೆಯನ್ನೋ ಆಹಾರವನ್ನೋ ಗುರುತಿಸಿ, ಇತರರಿಗೆ ಸೋಂಕು ತಗಲುವ ಮೊದಲೇ ತಡೆಯಲು ಸಾಧ್ಯವಾಗುತ್ತದೆ.