ಫಾರ್ಮ್ಯಾಟ್‌ಗೆ ಮೊದಲು ಸೇಫ್ ಮೋಡ್

ಕಂಪ್ಯೂಟರ್ ಆನ್ ಮಾಡಿದರೆ ಲೋಗೋ ಬರುತ್ತದೆ, ಚುಕ್ಕೆಗಳು ಸುತ್ತುತ್ತವೆ, ಮತ್ತೆ ತಾನೇ ಆಫ್ ಆಗಿ ಮೊದಲಿನಿಂದ ಶುರು. ‘ಫಾರ್ಮ್ಯಾಟ್ ಹೊಡೆಸಿಬಿಡಿ’ ಎನ್ನುವವರು ಆಗ ಎಲ್ಲೆಲ್ಲೂ ಸಿಗುತ್ತಾರೆ. ಅಷ್ಟು ಅವಸರ ಬೇಡ, ಮೊದಲು ಸೇಫ್ ಮೋಡ್‌ನಲ್ಲಿ ಎಬ್ಬಿಸಿ ನೋಡಿ.

ವಿಂಡೋಸ್ ಮಾಮೂಲಿಯಾಗಿ ಏಳುವಾಗ ಗ್ರಾಫಿಕ್ಸ್ ಕಾರ್ಡು, ಪ್ರಿಂಟರ್, ಆಂಟಿವೈರಸ್ ಅಂತ ಹೊರಗಿನ ಕಂಪನಿಗಳು ಬರೆದ ಡ್ರೈವರ್‌ಗಳನ್ನೂ ಜೊತೆಗೆ ಎಬ್ಬಿಸುತ್ತದೆ. ಇವುಗಳಲ್ಲಿ ಹಲವು ವಿಂಡೋಸ್‌ನ ತಿರುಳಾದ ಕರ್ನಲ್‌ನೊಳಗೇ ಓಡುವುದರಿಂದ ಒಂದು ಎಡವಿದರೂ ಇಡೀ ಯಂತ್ರ ಮಲಗುತ್ತದೆ. ಸೇಫ್ ಮೋಡ್‌ನಲ್ಲಿ ಕೀಬೋರ್ಡ್, ಮೌಸ್, ಡಿಸ್ಕ್, ಸಾದಾ ಡಿಸ್‌ಪ್ಲೇ ಮುಂತಾದ ಅಗತ್ಯದ ಡ್ರೈವರ್‌ಗಳಿಗೆ ಮಾತ್ರ ಪ್ರವೇಶ. ಎಂಸಿಬಿ ಪದೇ ಪದೇ ಟ್ರಿಪ್ ಆದರೆ ಎಲೆಕ್ಟ್ರಿಷಿಯನ್ ಎಲ್ಲ ಪ್ಲಗ್ ಕಿತ್ತು ನೋಡುತ್ತಾನಲ್ಲ, ಹಾಗೆ. ಕಪ್ಪು ಪರದೆಯ ನಾಲ್ಕೂ ಮೂಲೆಯಲ್ಲಿ ‘ಸೇಫ್ ಮೋಡ್’ ಎಂದು ಬಂದು ಯಂತ್ರ ತಕರಾರಿಲ್ಲದೆ ಓಡಿತೋ, ಹುಳುಕು ಹೆಚ್ಚಾಗಿ ನಾವು ಈಚೆಗೆ ಹಾಕಿಕೊಂಡ ಯಾವುದೋ ಡ್ರೈವರ್ ಅಥವಾ ಸಾಫ್ಟ್‌ವೇರ್‌ನಲ್ಲೇ ಇರುತ್ತದೆ. ಅಲ್ಲೂ ಬಿದ್ದರೆ ರ‍್ಯಾಮ್, ಡಿಸ್ಕ್‌ಗಳ ಮೇಲೆ ಅನುಮಾನ ಪಡಬೇಕು.

2024ರ ಜುಲೈ 19ರಂದು ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿದ್ದವು. ನಮ್ಮ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದುಕೊಟ್ಟರು. ಕಾರಣ, ಕ್ರೌಡ್‌ಸ್ಟ್ರೈಕ್ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ದೋಷಪೂರಿತ ಫೈಲು. ಮದ್ದು? ಸೇಫ್ ಮೋಡ್‌ಗೆ ಹೋಗಿ ಆ ಫೈಲು ಅಳಿಸುವುದು. ಅನೇಕ ಕಡೆ ಒಂದೊಂದೇ ಯಂತ್ರದ ಮುಂದೆ ಕೂತು ಮಾಡಬೇಕಾಯಿತು.

ಸೇಫ್ ಮೋಡ್‌ಗೆ ಹೋಗಲು ಹಳಬರ ಬೆರಳು ಈಗಲೂ ಎಫ್8 ಕಡೆಗೇ ಹೋಗುತ್ತದೆ. 2012ರ ವಿಂಡೋಸ್ 8ರಿಂದ ಆ ದಾರಿ ಸಾಮಾನ್ಯವಾಗಿ ಮುಚ್ಚಿದೆ. ಯಂತ್ರ ಏಳುವ ವೇಗಕ್ಕೆ ಕೀಲಿ ಒತ್ತಲು ಸಿಗುತ್ತಿದ್ದ ಅವಕಾಶ 200 ಮಿಲಿಸೆಕೆಂಡ್‌ಗೂ ಕಡಿಮೆ! ಈಗ ಶಿಫ್ಟ್ ಒತ್ತಿಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ, ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್ ದಾಟಿ ಮತ್ತೊಮ್ಮೆ ರೀಸ್ಟಾರ್ಟ್ ಮಾಡಬೇಕು. ಲಾಗಿನ್ ಪರದೆಯೂ ಬರದಿದ್ದರೆ ಚಿಂತೆಯಿಲ್ಲ, ಕೆಲವು ಸಲ ಸತತವಾಗಿ ಬೂಟ್ ಸೋತರೆ ರಿಕವರಿ ಪರದೆ ತಾನಾಗಿಯೇ ಬರುತ್ತದೆ. ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ 48 ಅಂಕಿಗಳ ಕೀ ಕೇಳೀತು. ಅದನ್ನು ಯಂತ್ರ ಚೆನ್ನಾಗಿರುವಾಗಲೇ ಬೇರೆ ಕಡೆ ಬರೆದಿಟ್ಟುಕೊಳ್ಳಿ.

ಆ ಕೊನೆಯ ರೀಸ್ಟಾರ್ಟ್ ಆದ ಮೇಲೆ ಬರುವ ಪಟ್ಟಿಯಲ್ಲಿ ನಾಲ್ಕನೆಯದು ಬರೀ ಸೇಫ್ ಮೋಡ್. ನನ್ನ ಮಟ್ಟಿಗೆ ಮೊದಲು ಅದೇ. ಹೊಸ ಡ್ರೈವರ್ ಡೌನ್‌ಲೋಡ್ ಮಾಡಬೇಕಿದ್ದರೆ ಮಾತ್ರ ನೆಟ್‌ವರ್ಕ್ ಸಮೇತದ ಐದನೆಯದು. ಆರನೆಯದು ಕಮಾಂಡ್ ಟೈಪ್ ಮಾಡಬಲ್ಲವರಿಗೆ. ಇದೆಲ್ಲ ಬಿಟ್ಟು ವಿಂಡೋಸ್‌ನದೇ ಸೆಟ್ಟಿಂಗ್ ಸಾಧನವಾದ ಎಂಎಸ್‌ಕಾನ್ಫಿಗ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಮಾಡಿ ಹೋದವರು ಕೆಲಸ ಮುಗಿದ ಮೇಲೆ ಆ ಟಿಕ್ ತೆಗೆಯಬೇಕು, ಇಲ್ಲದಿದ್ದರೆ ಯಂತ್ರ ಪ್ರತಿ ಸಲವೂ ಸೇಫ್ ಮೋಡ್‌ನಲ್ಲೇ ಏಳುತ್ತದೆ.