ಸಾದಾ ಟೀ ಶರ್ಟ್ ಖರೀದಿ: ಅಗ್ಗದ ದರವೆಲ್ಲವೂ ಉಳಿತಾಯವಲ್ಲ

ಅಕ್ಟೋಬರ್ ಬಂತೆಂದರೆ ರಾಜ್ಯದ ಟೀ ಶರ್ಟ್ ಮುದ್ರಕರಿಗೆ ಬಿಡುವಿರುವುದಿಲ್ಲ. ನವೆಂಬರ್ 1ರ ರಾಜ್ಯೋತ್ಸವಕ್ಕಾಗಿ ಕನ್ನಡ ಸಂಘಗಳು, ಕಾರ್ಖಾನೆಗಳು, ಗೆಳೆಯರ ಬಳಗಗಳು ಹಳದಿ, ಕೆಂಪು ಶರ್ಟ್‌ಗಳಿಗೆ ಬೇಡಿಕೆ ಸಲ್ಲಿಸುತ್ತವೆ. ಸ್ಪರ್ಧೆ ತೀವ್ರವಾಗಿರುವುದರಿಂದ ಮುದ್ರಣದ ದರ ಏರಿಸುವುದು ಕಷ್ಟ. ಹೀಗಾಗಿ ಲಾಭ ಉಳಿಯುವುದೂ ಕರಗುವುದೂ ಬಹುಮಟ್ಟಿಗೆ ಸಾದಾ ಶರ್ಟಿನ ಖರೀದಿಯಲ್ಲೇ.

ಲೆಕ್ಕ ಹಾಕಬೇಕಾದ ಬಗೆ

ಉದಾಹರಣೆಗೆ, ಒಂದು ಬಗೆಯ ಶರ್ಟಿನ ಬೆಲೆ 120 ರೂ., ಇನ್ನೊಂದರದ್ದು 130 ರೂ., ಮುದ್ರಣದ ಖರ್ಚು 40 ರೂ. ಎಂದಿಟ್ಟುಕೊಳ್ಳೋಣ. ಮೊದಲನೆಯದರಲ್ಲಿ ನೂರಕ್ಕೆ 8 ಕೆಟ್ಟರೆ, ಉಳಿದ 92 ಶರ್ಟ್‌ಗಳ ಮೇಲೆ ತಲಾ ಸುಮಾರು 174 ರೂ. ವೆಚ್ಚ ಬೀಳುತ್ತದೆ. ಎರಡನೆಯದರಲ್ಲಿ ಒಂದೇ ಕೆಟ್ಟರೆ ತಲಾ ವೆಚ್ಚ ಸುಮಾರು 172 ರೂ. ಹತ್ತು ರೂಪಾಯಿ ಅಗ್ಗದ ಮಾಲು ಕೊನೆಗೆ ದುಬಾರಿಯಾಯಿತು. ಗ್ರಾಹಕನ ಅಸಮಾಧಾನ ಈ ಲೆಕ್ಕದಲ್ಲಿ ಸೇರಿಲ್ಲ.

ತೂಕದ ಪರೀಕ್ಷೆ

ಹೆಣಿಗೆ ಬಟ್ಟೆಯ ವ್ಯಾಪಾರ ಕಿಲೋ ಲೆಕ್ಕದಲ್ಲಿ ನಡೆಯುತ್ತದೆ. ಆದ್ದರಿಂದ ಶರ್ಟಿನ ಬೆಲೆಯನ್ನು ನಿರ್ಧರಿಸುವ ಮುಖ್ಯ ಅಂಶ ಜಿಎಸ್‌ಎಂ, ಅಂದರೆ ಒಂದು ಚದರ ಮೀಟರ್ ಬಟ್ಟೆಯ ಗ್ರಾಂ ತೂಕ. 180 ಎಂದು ಹೇಳಿ 160ರ ಮಾಲು ಕೊಟ್ಟರೆ ಒಂಬತ್ತರಲ್ಲಿ ಒಂದು ಪಾಲು ಬಟ್ಟೆ ಕಡಿಮೆ ಬಂದಂತೆ. ಮಾದರಿ ಶರ್ಟಿನಿಂದ 10 ಸೆಂ.ಮೀ. ಚದರದ ತುಂಡನ್ನು ಕತ್ತರಿಸಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ, ಬಂದ ಗ್ರಾಂ ಸಂಖ್ಯೆಯನ್ನು 100ರಿಂದ ಗುಣಿಸಿದರೆ ಜಿಎಸ್‌ಎಂ ದೊರೆಯುತ್ತದೆ.

ಎಲ್ಲ ಕೆಲಸಕ್ಕೂ ಭಾರದ ಬಟ್ಟೆ ಬೇಕಿಲ್ಲ. ಒಂದು ದಿನದ ಮೆರವಣಿಗೆಗೆ 150ರ ಆಸುಪಾಸಿನದು ಸಾಕಾಗುತ್ತದೆ. ವಾರವಾರ ಒಗೆಯುವ ಕಾರ್ಖಾನೆಯ ಸಮವಸ್ತ್ರಕ್ಕೆ 180ರ, ಬಯೋ ವಾಶ್ ಆದ ಕೂಂಬ್ಡ್ ಹತ್ತಿಯೇ ಲೇಸು. ಅಗತ್ಯವನ್ನು ಮೊದಲೇ ವಿಚಾರಿಸುವುದೇ ಮೊದಲ ಉಳಿತಾಯ.

ಪಾಲಿಯೆಸ್ಟರ್ ಬೆರಕೆ

ಕೆಂಪು ಶರ್ಟಿನ ಮೇಲೆ ಅಚ್ಚಾದ ಬಿಳಿ ಅಕ್ಷರ ಕೆಲವೊಮ್ಮೆ ಗುಲಾಬಿಗೆ ತಿರುಗುವುದುಂಟು. ಪಾಲಿಯೆಸ್ಟರಿಗೆ ಹಾಕಿದ ಬಣ್ಣ ಆವಿಯಾಗಿ, ಶಾಯಿ ಒಣಗಿಸುವ ಶಾಖದಲ್ಲಿ ಮೇಲಕ್ಕೇಳುವುದೇ ಇದಕ್ಕೆ ಕಾರಣ. ಬಟ್ಟೆಯ ಎಳೆಯೊಂದನ್ನು ಸುಟ್ಟು ನೋಡಿದರೆ ಬೆರಕೆ ತಿಳಿಯುತ್ತದೆ: ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಆದರೆ ಸಬ್ಲಿಮೇಷನ್ ಮುದ್ರಣಕ್ಕೆ ತಿಳಿ ಬಣ್ಣದ ಪಾಲಿಯೆಸ್ಟರೇ ಬೇಕು. ಅಲ್ಲಿ ಹತ್ತಿಗೆ ಹಣ ಸುರಿಯುವುದು ವ್ಯರ್ಥ.

ಗಾಢ ಬಣ್ಣದ ಶರ್ಟಿಗೆ ಸ್ಕ್ರೀನ್ ಮುದ್ರಣದಲ್ಲಿ ಸಾಮಾನ್ಯವಾಗಿ ಮೊದಲು ಬಿಳಿಯ ಒಂದು ಪದರ ಬೇಕಾಗುವುದರಿಂದ ಶಾಯಿ, ಶ್ರಮ ಎರಡೂ ಹೆಚ್ಚು. ಗ್ರಾಹಕರು ಒಪ್ಪಿದಲ್ಲಿ ಹಳದಿ ಶರ್ಟಿನ ಮೇಲೆ ಕೆಂಪು ಅಕ್ಷರ ಮಿತವ್ಯಯದ ಆಯ್ಕೆ.

ಉಳಿಕೆ ಮಾಲು, ಅಳತೆ ಮತ್ತು ತೆರಿಗೆ

ತಿರುಪ್ಪೂರಿನಂತಹ ಹೆಣಿಗೆ ಉಡುಪು ಕೇಂದ್ರಗಳಿಂದ ಬರುವ ರಫ್ತು ಉಳಿಕೆ ಮಾಲು ಅಗ್ಗವಾದರೂ ಅಳತೆಗಳು ಪೂರ್ಣವಾಗಿರುವುದಿಲ್ಲ, ಬಣ್ಣದ ಛಾಯೆಯೂ ಬೇರೆಯಾಗಬಹುದು. ಅದು ಅಂಗಡಿ ಮಾರಾಟಕ್ಕೆ ಸರಿ. ಇನ್ನೂರು ಜನರ ಒಂದೇ ಸಮವಸ್ತ್ರಕ್ಕೆ ಸಲ್ಲದು. ಸಗಟು ಖರೀದಿಗೆ ಮುನ್ನ ಒಂದೆರಡು ಶರ್ಟ್‌ಗಳನ್ನು ಒಗೆದು, ಕುಗ್ಗುವಿಕೆ ಮತ್ತು ಪಕ್ಕದ ಹೊಲಿಗೆಯ ತಿರುಚುವಿಕೆ ಪರಿಶೀಲಿಸಬೇಕು. ಅಳತೆಯ ಪಟ್ಟಿ ಕೈಸೇರಿದ ಮೇಲೆ ಖರೀದಿಸಿದರೆ ಮಾರಾಟವಾಗದ ಅಳತೆಗಳಲ್ಲಿ ಬಂಡವಾಳ ಸಿಲುಕದು.

2025ರ ಸೆಪ್ಟೆಂಬರ್ 22ರಿಂದ 2,500 ರೂ.ವರೆಗಿನ ಉಡುಪಿಗೆ ಶೇ. 5ರ ಜಿಎಸ್‌ಟಿ ಅನ್ವಯವಾಗುತ್ತದೆ. ಬಿಲ್ಲಿಲ್ಲದ ಮಾಲಿಗೆ ಹೂಡುವಳಿ ತೆರಿಗೆ ಜಮೆ ದೊರೆಯದು. ರಾಜಿ ತೆರಿಗೆ ಪದ್ಧತಿಯಲ್ಲಿರುವವರಿಗೆ ಬಿಲ್ಲಿದ್ದರೂ ಆ ಸೌಲಭ್ಯವಿಲ್ಲ. ಆದ್ದರಿಂದ ದರಗಳನ್ನು ಹೋಲಿಸುವಾಗ ತೆರಿಗೆ, ಸಾಗಣೆ ಸೇರಿದ ನಿವ್ವಳ ಬೆಲೆಯನ್ನೇ ಮುಂದಿಟ್ಟುಕೊಳ್ಳಬೇಕು.

ಒಂದು ಮಾದರಿ ಶರ್ಟ್ ಕತ್ತರಿಸಿ, ಸುಟ್ಟು, ಒಗೆದು ನೋಡಲು ತಗಲುವ ವೆಚ್ಚ ನೂರಿನ್ನೂರು ರೂಪಾಯಿ. ಹಿಂದಿರುಗಿ ಬಂದ ಒಂದು ಮೂಟೆಯ ನಷ್ಟಕ್ಕೆ ಹೋಲಿಸಿದರೆ ಅದು ಅತ್ಯಲ್ಪ.